ರೊಟ್ಟಿ ಬಡಿಯುವ ಸದ್ದು

ಇತವಾರಿಗೆ ಬಂದು ಈ ಜೂನ್‌ಗೆ ಒಂದು ವರ್ಷ ತುಂಬಿತು. ಹೊರಡುವಾಗ ಅಮ್ಮ ಕಟ್ಟಿಕೊಟ್ಟಿದ್ದ ಮಿಡಿ ಉಪ್ಪಿನಕಾಯಿಯ ಭರಣಿ ಮೊನ್ನೆ ಭಾನುವಾರ ಖಾಲಿಯಾಯಿತು. ಅದನ್ನು ತೊಳೆದು ತಾರಸಿಯ ಮೇಲೆ ಬೋರಲು ಹಾಕುವಾಗಲೇ ತಾರೀಖು ನೆನಪಾದದ್ದು. ಮೂರು ವರ್ಷದ ಪೋಸ್ಟಿಂಗಿನಲ್ಲಿ ಒಂದು ಮುಗಿದಿದೆ, ಎರಡು ಉಳಿದಿದೆ. ಇಷ್ಟು ದಿನ ಈ ಅಂಕಣದಲ್ಲಿ ನಾಗಪುರದ ಬಿಸಿಲು, ಕಿತ್ತಳೆ, ತರ್ರಿ ಪೋಹೆ ಅಂತ ಬರೆದು ನಿಮ್ಮನ್ನು ನಗಿಸಲು ನೋಡಿದ್ದೇನೆ. ಬರೆಯಬೇಕು ಅಂದುಕೊಂಡು ಪ್ರತಿ ಸಲ ಮುಂದೂಡಿದ ವಿಷಯವೊಂದಿದೆ. ಈ ಸಲ ಅದನ್ನೇ ಬರೆಯುತ್ತೇನೆ.

ಹೊಸ ಓದುಗರಿಗೆ ಸ್ವಲ್ಪ ಹಿನ್ನೆಲೆ. ನಾನು ಸಾಗರ ತಾಲ್ಲೂಕಿನವನು. ವಯಸ್ಸು ಐವತ್ತೆರಡು, ಬ್ಯಾಂಕ್ ನೌಕರಿ. ನಮ್ಮ ಘಟ್ಟದ ಕೆಳಗಿನ ಕರಾವಳಿಯನ್ನು ಬ್ಯಾಂಕುಗಳ ತೊಟ್ಟಿಲು ಅನ್ನುತ್ತಾರೆ. 1906ರಲ್ಲೇ ಮಂಗಳೂರಿನಲ್ಲೊಂದು, ಉಡುಪಿಯಲ್ಲೊಂದು ಬ್ಯಾಂಕು ಹುಟ್ಟಿದವು, ಆಮೇಲೆ ಇನ್ನೂ ಮೂರು. ಅದರ ಗಾಳಿ ಘಟ್ಟ ಹತ್ತಿ ನಮ್ಮ ಕಡೆಗೂ ಬೀಸಿತು. ಅಡಿಕೆ ತೋಟ ಇದ್ದ ಮನೆಯಲ್ಲೂ ಒಬ್ಬ ಮಗ ಬ್ಯಾಂಕಿಗೆ ಹೋಗುವುದು ರೂಢಿಯಾಯಿತು. ಹಾಗೆ ಹೋದವನು ನಾನು. ಇಪ್ಪತ್ತಾರು ವರ್ಷ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡ ಜಿಲ್ಲೆಗಳಲ್ಲೇ ಸುತ್ತಾಡಿಕೊಂಡಿದ್ದೆ. ಬಡ್ತಿ ಬೇಕಾದರೆ ರಾಜ್ಯ ಬಿಡಬೇಕು, ರಾಜ್ಯ ಬೇಕಾದರೆ ಬಡ್ತಿ ಬಿಡಬೇಕು. ಎರಡು ಸಲ ಬಡ್ತಿ ಬಿಟ್ಟೆ. ಮಗಳು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಸೇರಿ, ಫೀಸಿನ ಚೀಟಿ ಕೈಗೆ ಬಂದ ವರ್ಷ ಒಪ್ಪಿಕೊಂಡೆ.

ಅಮ್ಮನಿಗೆ ಎಂಬತ್ತೊಂದು. ಅವಳನ್ನು ಕರೆದುಕೊಂಡು ಬರುವ ಹಾಗಿಲ್ಲ, ಒಬ್ಬಳನ್ನೇ ಬಿಡುವ ಹಾಗೂ ಇಲ್ಲ. ಹಾಗಾಗಿ ನನ್ನ ಹೆಂಡತಿ ಅಲ್ಲೇ ಉಳಿಯುವುದು ಅಂತ ಆಯಿತು. 'ಆಯಿತು' ಅಂದೆನಲ್ಲ, ಹಾಗೆಯೇ ಆಯಿತು. ಅವಳನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಬೆಂಗಳೂರಿನಿಂದ ನಾಗಪುರಕ್ಕೆ ಬರುವ ರೈಲು ಕಾಜಿಪೇಟೆ ಬಿಟ್ಟ ಮೇಲೆ, ರಾಮಗುಂಡಂ ಮತ್ತು ಮಂಚಿರ್ಯಾಲದ ನಡುವೆ ಗೋದಾವರಿಯನ್ನು ದಾಟುತ್ತದೆ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕವಿರಾಜಮಾರ್ಗದಲ್ಲಿದೆ ಅಂತ ಶಾಲೆಯಲ್ಲಿ ಓದಿದ್ದು ನೆನಪಿತ್ತು. ಸೇತುವೆಯ ಮೇಲೆ ಬಾಗಿಲ ಹತ್ತಿರ ನಿಂತು, ಇಲ್ಲಿಗೆ ನಮ್ಮದು ಮುಗಿಯಿತು ಅಂದುಕೊಂಡೆ. ಸೀಟಿಗೆ ವಾಪಸು ಬಂದು ಕೂತಾಗ ಗಂಟಲು ಕಟ್ಟಿತ್ತು. ಐವತ್ತೆರಡರ ಗಂಡಸು ರೈಲಿನಲ್ಲಿ ಅಳುವುದು ಚೆನ್ನಾಗಿರುವುದಿಲ್ಲ ಅಂತ ಎದುರಿನವರಿಂದ ಪೇಪರ್ ಇಸಿದುಕೊಂಡು ಮುಖಕ್ಕೆ ಹಿಡಿದೆ. ಅದು ತೆಲುಗು ಪೇಪರ್.

ಇತವಾರಿ ನಾಗಪುರದ ಹಳೆಯ ಸಗಟು ಪೇಟೆ. ಇತವಾರ ಅಂದರೆ ಭಾನುವಾರ, ಭಾನುವಾರದ ಸಂತೆಯಿಂದ ಬಂದ ಹೆಸರು. ಈ ಊರಲ್ಲಿ ಬುಧವಾರಿ ಇದೆ, ಶುಕ್ರವಾರಿ ಇದೆ, ಮಂಗಳವಾರಿ ಇದೆ. ವಾರ ಗೊತ್ತಿದ್ದರೆ ಅರ್ಧ ನಾಗಪುರ ಗೊತ್ತಾದ ಹಾಗೆ. ಇತವಾರಿಯ ಒಂದು ಬೀದಿಯಲ್ಲಿ ಸರಾಫರು, ಇನ್ನೊಂದರಲ್ಲಿ ಕಿರಾಣಿ, ಮತ್ತೊಂದರಲ್ಲಿ ಬಟ್ಟೆ. ಬೆಳಿಗ್ಗೆ ಹತ್ತಾದರೆ ಕೈಗಾಡಿ, ಟೆಂಪೊ, ತಲೆಹೊರೆ ಎಲ್ಲ ಒಂದೇ ಗಲ್ಲಿಯಲ್ಲಿ ನುಗ್ಗುತ್ತವೆ. ಮೆಟ್ರೋ ಬಂದಿದೆ, ಅಗ್ರಸೇನ್ ಚೌಕದಲ್ಲೋ ಚಿತಾರ್ ಓಳಿಯಲ್ಲೋ ಇಳಿಯಬಹುದು. ಇಳಿದ ಮೇಲೆ ಮಾತ್ರ ನೂರು ವರ್ಷದ ಹಿಂದಿನ ಬೀದಿಯಲ್ಲೇ ನಡೆಯಬೇಕು. ಇಲ್ಲಿಯ ರೈಲು ನಿಲ್ದಾಣದಿಂದ ಮೊನ್ನೆ ಮೊನ್ನೆಯವರೆಗೆ ನ್ಯಾರೋಗೇಜ್ ಗಾಡಿಗಳು ಹೊರಡುತ್ತಿದ್ದವು. ಛಿಂದವಾಡಾದ ದಾರಿ 2015ರಲ್ಲಿ ನಿಂತಿತು, ನಾಗಭೀಡದ್ದು 2019ರಲ್ಲಿ.

ಬಂದ ಮೂರನೇ ದಿನ ಒಬ್ಬ ವ್ಯಾಪಾರಿಯ ಸಾಲದ ಕಾಗದ ನೋಡಲು ಗೋದಾಮಿಗೆ ಹೋಗಿದ್ದೆ. ಬಾಗಿಲಲ್ಲೇ ಮೂಗಿಗೆ ಪರಿಚಯದ ವಾಸನೆ ಬಡಿಯಿತು. ಅಡಿಕೆ. ನಾಗಪುರ ದೊಡ್ಡ ಅಡಿಕೆ ಪೇಟೆ, ಇಲ್ಲಿಯವರಿಗೆ ಅಡಿಕೆ, ತಂಬಾಕು, ಸುಣ್ಣ ತಿಕ್ಕಿದ ಖರ್ರಾ ಇಲ್ಲದೆ ಹೊತ್ತು ಹೋಗುವುದಿಲ್ಲ. ಒಂದು ಗೋಣಿಯಿಂದ ಹಿಡಿ ತೆಗೆದು, ಇದು ಚಾಲಿ, ಇದು ರಾಶಿ ಅಂತ ಹೇಳಿದೆ. ಸೇಠ್‌ಜಿ ಮೊದಲ ಸಲ ನನ್ನ ಮುಖ ನೋಡಿದರು. 'ಸಾಗರ್ ಸೇ ಹೋ?' ಅಂದರು. ನಾನು ಅಳುತ್ತ ದಾಟಿದ ಗೋದಾವರಿಯನ್ನು ನಮ್ಮ ತೋಟದ ಅಡಿಕೆ ಎಷ್ಟೋ ವರ್ಷದಿಂದ ಸುಮ್ಮನೆ ದಾಟಿ ಬರುತ್ತಿತ್ತು.

ಆದರೆ ಎಲ್ಲರೂ ಸೇಠ್‌ಜಿಯ ಹಾಗೆ ಇರುವುದಿಲ್ಲ. ನನ್ನ ಹಿಂದಿ ನಿಮಗೆ ಗೊತ್ತಿರುವ ಹಿಂದಿಯೇ. ಗಂಡು ಹೆಣ್ಣು ಎಲ್ಲ ಒಂದೇ. ಒಂದು ದಿನ 'ಚಾಬಿ ಕಹಾಂ ರಖಾ ಹೈ' ಅಂದೆ. ಬೀಗದ ಕೈ ಹಿಂದಿಯಲ್ಲಿ ಹೆಣ್ಣು. ಊಟದ ಹೊತ್ತಿನಲ್ಲಿ ಒಬ್ಬ ಹುಡುಗ ಅದನ್ನೇ ನನ್ನ ಧಾಟಿಯಲ್ಲಿ ಎಳೆದು ಹೇಳಿ ತೋರಿಸಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆ ಹುಡುಗನೇ ನನಗೆ ಗ್ಯಾಸ್ ಸಿಲಿಂಡರ್ ಹೊತ್ತು ತಂದುಕೊಟ್ಟವನು. ಆದರೆ ಮಾರನೇ ದಿನದಿಂದ ಊಟದ ಮೇಜಿನಲ್ಲಿ ನನ್ನ ಮಾತು ಕಡಿಮೆಯಾಯಿತು. ಬಾಯಿ ತೆರೆಯುವ ಮೊದಲು ವಾಕ್ಯವನ್ನು ಮನಸ್ಸಿನಲ್ಲೇ ಒಂದು ಸಲ ಆಡಿ ನೋಡುತ್ತಿದ್ದೆ. ಅಷ್ಟರಲ್ಲಿ ಮಾತಿನ ವಿಷಯ ಮುಂದಕ್ಕೆ ಹೋಗಿರುತ್ತಿತ್ತು. ಸಾಗರದ ಶಾಖೆಯಲ್ಲಿ ನನ್ನನ್ನು ವಾಚಾಳಿ ಅನ್ನುತ್ತಿದ್ದರು. ಇಲ್ಲಿ ಮೂರು ತಿಂಗಳಿಗೆ 'ಸಾಹೇಬರು ಗಂಭೀರ ಮನುಷ್ಯ' ಅಂತ ಹೆಸರಾಯಿತು.

ನಾನಿರುವುದು ಮಸ್ಕಾಸಾಥ್ ಹತ್ತಿರದ ಹಳೆಯ ಮನೆಯೊಂದರ ಮಹಡಿಯಲ್ಲಿ. ಕೆಳಗೆ ಮನೆಯೊಡತಿ ಆಜಿ, ಎಪ್ಪತ್ತು ದಾಟಿದವರು. ಮೊದಲ ದಿನ ಅವರನ್ನು ಗೌರವದಿಂದ 'ತಾಯಿ' ಅಂದೆ. ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ. ಆಜಿಗೆ ವಯಸ್ಸು ಇಳಿದಷ್ಟು ಖುಷಿಯಾಯಿತು. ಬೆಳಿಗ್ಗೆ ಆರಕ್ಕೆ ಅವರ ಅಡುಗೆಮನೆಯಿಂದ ಸದ್ದು ಬರುತ್ತದೆ, ತಪ್ ತಪ್ ತಪ್ ಅಂತ. ಜೋಳದ ಭಾಕರಿ ಬಡಿಯುವ ಸದ್ದು. ಆ ಸದ್ದಿಗೇ ನನಗೆ ಎಚ್ಚರ. ಎರಡು ವಾರ ಕಳೆದ ಮೇಲೆ ಆಜಿ ಮೇಲಕ್ಕೆ ಒಂದು ತಟ್ಟೆ ಕಳಿಸಿದರು. ಭಾಕರಿ, ಝುಣಕಾ, ಅಂಬಾಡಿ ಭಾಜಿ, ಜವಸದ ಚಟ್ನಿ. ಬಾಯಿಗೆ ಇಟ್ಟವನಿಗೆ ಎಲ್ಲೋ ತಿಂದ ಹಾಗಿದೆಯಲ್ಲ ಅನ್ನಿಸಿತು. ಎಲ್ಲಿ ಅಂತ ಹೊಳೆಯಲು ಎರಡು ತುತ್ತು ಬೇಕಾಯಿತು. ರೋಣ ತಾಲ್ಲೂಕಿನ ನನ್ನ ಮಾವನ ಮನೆಯಲ್ಲಿ. ಅಂಬಾಡಿ ಅಂದರೆ ಪುಂಡಿ ಪಲ್ಯ. ಜವಸ ಅಂದರೆ ಅಗಸಿ. ಝುಣಕ ಅಲ್ಲಿಯೂ ಝುಣಕವೇ.

ನನ್ನ ಹೆಂಡತಿ ಗದಗ ಜಿಲ್ಲೆಯ ರೋಣದ ಕಡೆಯವಳು. 2002ರಲ್ಲಿ ಮದುವೆಯಾಗಿ ನಮ್ಮ ಮನೆಗೆ ಬಂದಾಗ ಅವಳಿಗೆ ಇಪ್ಪತ್ತಮೂರು. ಬಯಲುಸೀಮೆಯ ಹುಡುಗಿಗೆ ಮಲೆನಾಡಿನ ಜೂನ್ ತಿಂಗಳು. ಬಂದ ಹೊಸದರಲ್ಲಿ ವಾರಕ್ಕೆರಡು ದಿನ ರೊಟ್ಟಿ ಮಾಡುತ್ತಿದ್ದಳು. ಅಮ್ಮ ಜಗುಲಿಯಲ್ಲಿ ಕೂತು, 'ಬಟ್ಟೆ ಒಗೆಯೋ ಹಾಗೆ ಬಡೀತಾಳಲ್ಲ ಮಾರಾಯ, ತಲೆ ಚಿಟ್ಟು ಹಿಡೀತು' ಅನ್ನುತ್ತಿದ್ದಳು. ಅಮ್ಮ ಕೆಟ್ಟವಳಲ್ಲ, ಅವಳಿಗೆ ಅಭ್ಯಾಸ ಇರಲಿಲ್ಲ ಅಷ್ಟೆ. ಮಾತಿನದೂ ಹಾಗೆಯೇ. ಅವಳು 'ಏನ್ ಮಾಡಾಕತ್ತೀರಿ' ಅಂದರೆ ನನ್ನ ತಂಗಿ ಅದನ್ನೇ ತಿರುಗಿ ಹೇಳುತ್ತಿದ್ದಳು. 'ಭಾಳ ಚಂದ ಐತಿ' ಅಂದರೆ ಮನೆಗೆ ಬಂದ ನೆಂಟರಿಗೆ ಇನ್ನೊಮ್ಮೆ ಹೇಳಿಸುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನು. ಅದು ಪ್ರೀತಿ ಅಂತಲೇ ತಿಳಿದಿದ್ದೆ. ಯಾವಾಗ ಅವಳು ಹಾಗೆ ಮಾತಾಡುವುದನ್ನು ಬಿಟ್ಟಳು, ಯಾವಾಗ ರೊಟ್ಟಿ ನಿಂತಿತು ಅಂತ ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ. ನಾನು ಗಮನಿಸಲಿಲ್ಲ. ಈಗ ಅವಳ ಮಾತು ಕೇಳಿದರೆ ಸಾಗರದಲ್ಲೇ ಹುಟ್ಟಿದವಳು ಅನ್ನಬೇಕು. 'ಎಂತ' ಅನ್ನುವುದು ಅವಳ ಬಾಯಲ್ಲಿ ನಮಗಿಂತ ಚೆನ್ನಾಗಿ ಬರುತ್ತದೆ.

ಇತವಾರಿಯ ಊಟದ ಮೇಜಿನಲ್ಲಿ ಬಾಯಿ ಮುಚ್ಚಿಕೊಂಡು ಕೂತಾಗಲೇ ಇದೆಲ್ಲ ಒಂದೊಂದಾಗಿ ನೆನಪಾದದ್ದು. ನನಗೆ ಮೂರು ತಿಂಗಳು ಆದದ್ದು ಅವಳಿಗೆ ಇಪ್ಪತ್ತೆರಡು ವರ್ಷ ಆಗಿತ್ತು. ನನಗಾದರೆ ಸಂಬಳ ಹೆಚ್ಚಿತ್ತು, ಹುದ್ದೆ ಇತ್ತು, ವಾಪಸು ಹೋಗುವ ತಾರೀಖು ಇತ್ತು. ಹೊರಡುವಾಗ ಶಾಖೆಯಲ್ಲಿ ಶಾಲು ಹೊದಿಸಿ, ಹಾರ ಹಾಕಿ, 'ಎಷ್ಟು ದೊಡ್ಡ ತ್ಯಾಗ' ಅಂತ ಮಾತಾಡಿದ್ದರು.

ಹೋದ ವರ್ಷ ಪೋಳಾ ಹಬ್ಬಕ್ಕೆ ತಂಗಿ ಬಂದು ಅಮ್ಮನ ಹತ್ತಿರ ಹತ್ತು ದಿನ ಉಳಿದಳು. ಹೆಂಡತಿ ಇಲ್ಲಿಗೆ ಬಂದಳು. ಪೋಳಾ ಅಂದರೆ ಶ್ರಾವಣ ಅಮಾವಾಸ್ಯೆಯ ದಿನ ಎತ್ತುಗಳ ಹಬ್ಬ. ಮರುದಿನ ತಾನ್ಹಾ ಪೋಳಾ, ಅಂದರೆ ಮಕ್ಕಳದ್ದು. ಮರದ ಎತ್ತಿಗೆ ಗೊಂಡೆ, ಜೂಲು ಹಾಕಿ ಮಕ್ಕಳು ಮನೆ ಮನೆಗೆ ಎಳೆದುಕೊಂಡು ಬರುತ್ತಾರೆ. ಆಜಿಯ ಮೊಮ್ಮಗನ ಎತ್ತು ನೋಡಿದ್ದೇ ತಡ, ಇವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅವರೂರಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಹೊಲದ ಮಣ್ಣು ತಂದು ಎತ್ತು ಮಾಡುತ್ತಿದ್ದದ್ದು, ಕೊಂಬು ಮುರಿದು ಅತ್ತದ್ದು, ಎಲ್ಲವನ್ನೂ ಆಜಿಗೆ ಹೇಳಿದಳು. ಇವಳ ಅವ್ವನ ತವರು ಅಥಣಿ, ರಜೆಯಲ್ಲಿ ಅಲ್ಲಿದ್ದು ಕಲಿತ ಮರಾಠಿ. ಅದು ಎಲ್ಲೆಲ್ಲಿ ನಿಂತಿತೋ ಅಲ್ಲೆಲ್ಲ ಕನ್ನಡ ಹಾಕಿದಳು. ಅದೂ ಅವಳ ಕನ್ನಡ, ನಮ್ಮದಲ್ಲ. ಆಜಿಗೆ ಎಲ್ಲ ತಿಳಿಯಿತು. ತುಪ್ಪಕ್ಕೆ ಇಲ್ಲಿ ತೂಪ್, ಅಡಕೊತ್ತಿಗೆ ಅಡಕಿತ್ತಾ, ಈ ಕಡೆಗೆ ಇಕಡೆ. ಬೀದಿಯಲ್ಲಿ ಹುಡುಗರು 'ಕಾಯ್ ಬೇ' ಅಂತ ಕೂಗಿಕೊಂಡದ್ದು ಕೇಳಿ ಬಿದ್ದು ಬಿದ್ದು ನಕ್ಕಳು. 'ಇಲ್ಲಿ ಗಂಡಸರು ಗಂಡಸರಿಗೇ ಬೇ ಅಂತಾರಲ್ರೀ! ನಮ್ಮಲ್ಲಿ ಅವ್ವಗ ಅಂತೇವಿ.'

ಆ ನಗುವನ್ನು ನಾನು ನಮ್ಮ ಮನೆಯಲ್ಲಿ ಕೇಳಿ ಬಹಳ ವರ್ಷವಾಗಿತ್ತು.

ಅದೇ ದಿನ ಇತವಾರಿಯಲ್ಲಿ ಮಾರ್ಬತ್ ಮೆರವಣಿಗೆ. ಕಪ್ಪು ಮಾರ್ಬತ್ 1881ರಿಂದ, ಹಳದಿ ಮಾರ್ಬತ್ 1885ರಿಂದ ಹೊರಡುತ್ತಿವೆ. ಎರಡೂ ಹೆಣ್ಣಿನ ದೊಡ್ಡ ಬೊಂಬೆಗಳು. ಕಪ್ಪು ಬೊಂಬೆ ಬ್ರಿಟಿಷರ ಜೊತೆ ಸೇರಿದ ಭೋಸಲೆ ಮನೆತನದ ಬಾಕಾಬಾಯಿಯದು ಎನ್ನುತ್ತಾರೆ. ಎರಡೂ ಇತವಾರಿಯ ನೆಹರೂ ಪುತಳಾ ಚೌಕದಲ್ಲಿ ಎದುರುಬದುರಾದಾಗ ಜನ ಹುಚ್ಚೆದ್ದು ಕುಣಿಯುತ್ತಾರೆ. ಪೀಡೆ, ರೋಗ, ಕೇಡು ಎಲ್ಲ ಹೊತ್ತುಕೊಂಡು ಹೋಗು ಅಂತ ಮಾರ್ಬತ್‌ಗೆ ಕೂಗಿ ಹೇಳಿ, ಕೊನೆಗೆ ಒಯ್ದು ಸುಡುತ್ತಾರೆ. ಜೊತೆಗೆ ಬಡ್ಗ್ಯಾ ಎಂಬ ಬೊಂಬೆಗಳು, ಅವುಗಳ ಕೊರಳಲ್ಲಿ ಬೆಲೆ ಏರಿಕೆ, ಭ್ರಷ್ಟಾಚಾರ ಅಂತ ಆ ವರ್ಷದ ಸಿಟ್ಟೆಲ್ಲ ಬರೆದಿರುತ್ತದೆ. ಮನೆಯ ಕಿಟಕಿಯಿಂದ ನೋಡುತ್ತಿದ್ದ ಆಜಿ ನಮಗೆ ಹೇಳಿದರು, ಮನೆಯೊಳಗಿನ ಬೇಡದ್ದನ್ನೂ ಮನಸ್ಸಿನಲ್ಲೇ ಅದಕ್ಕೆ ಕೊಟ್ಟುಬಿಡಬೇಕಂತೆ.

ಆ ರಾತ್ರಿ ತಾರಸಿಯ ಮೇಲೆ ಕೂತಾಗ ಕೇಳಿದೆ. 'ನೀನು ಮನೆಯಲ್ಲಿ ಯಾಕೆ ಹೀಗೆ ಮಾತಾಡೋದಿಲ್ಲ?'

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಅವಳ ಕನ್ನಡದಲ್ಲೇ ಹೇಳಿದಳು. 'ಹೆಂಗ ಆಡ್ಲಿ? ನಾ ಬಾಯಿ ತೆಗದ್ರ ನೀವೆಲ್ಲಾರೂ ನಗ್ತಿದ್ರಿ. ಸಿಟ್ಟಿನ ನಗು ಅಲ್ಲ, ಗೊತ್ತೈತಿ. ಆದ್ರ ದಿನಾ ನಕ್ರ ಮನಷ್ಯಾ ಏನ್ ಮಾಡ್ತಾನ? ನಿಮ್ಮಂಗ ಆಡೂದು ಕಲ್ತೆ. ಅವ್ವ ಇರೋತನಕಾ ಫೋನಿನ್ಯಾಗ ಅಕೀ ಜೋಡಿ ಆಡ್ತಿದ್ದೆ. ಅಕೀ ಹೋಗಿ ಆರು ವರ್ಷ ಆತು. ಈಗ ಯಾರ ಜೋಡಿ ಆಡ್ಲಿ?'

ನಾನು ತಪ್ಪಾಯಿತು ಅಂದೆ. ಅದು ಬಹಳ ಸಣ್ಣ ಮಾತಾಗಿ ಕೇಳಿಸಿತು. ಅವಳು 'ಇರ್ಲಿ ಬಿಡ್ರಿ' ಅಂದಳು. ಇರಲಿ ಅಂದಳು, ಪರವಾಗಿಲ್ಲ ಅನ್ನಲಿಲ್ಲ. ಅದರ ವ್ಯತ್ಯಾಸ ನನಗೆ ಗೊತ್ತಾಯಿತು.

ಅವಳು ಊರಿಗೆ ಹೋದ ಮೇಲೆ ರಾತ್ರಿ ಹೊತ್ತು ಈ ಊರಿನ ಇತಿಹಾಸ ಓದುವ ಚಟ ಹಿಡಿಯಿತು. 1920ರ ಡಿಸೆಂಬರಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆದದ್ದು ಇದೇ ನಾಗಪುರದಲ್ಲಿ. ಕನ್ನಡ ಪ್ರದೇಶಗಳಿಂದ ಸುಮಾರು 800 ಪ್ರತಿನಿಧಿಗಳು ಬಂದಿದ್ದರು. ಕರ್ನಾಟಕಕ್ಕೆ ಪ್ರತ್ಯೇಕ ಪ್ರದೇಶ ಕಾಂಗ್ರೆಸ್ ಸಮಿತಿ ಎಂದು ತೀರ್ಮಾನವಾದದ್ದು ಇಲ್ಲೇ. ಮುಂಬೈ ಪ್ರಾಂತದ ಧಾರವಾಡದವರು, ಮೈಸೂರಿನವರು, ಬಳ್ಳಾರಿಯವರು, ಮಂಗಳೂರಿನವರು ಒಂದೇ ನಾಡು ಅನ್ನುವುದಕ್ಕೆ ಒಂದು ಗಟ್ಟಿ ಹೆಜ್ಜೆ. ಅವರು ಇಲ್ಲಿ ಒಟ್ಟಿಗೆ ಉಂಡಿರಬೇಕು, ಒಬ್ಬರ ಕನ್ನಡಕ್ಕೆ ಇನ್ನೊಬ್ಬರು ನಕ್ಕಿರಲೂಬೇಕು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಅದೇ ದಿನ ವಿದರ್ಭ ಮುಂಬೈ ರಾಜ್ಯಕ್ಕೆ ಸೇರಿತು, ಮಧ್ಯಪ್ರದೇಶದ ರಾಜಧಾನಿಯಾಗಿದ್ದ ನಾಗಪುರ ಆ ಪಟ್ಟ ಕಳೆದುಕೊಂಡಿತು. ನಮಗೆ ಹಬ್ಬದ ದಿನ, ಈ ಊರಿನ ಹಿರಿಯರಿಗೆ ನುಂಗಿಕೊಂಡ ದಿನ. ಈಗ ವರ್ಷಕ್ಕೊಮ್ಮೆ ಚಳಿಗಾಲದ ಅಧಿವೇಶನಕ್ಕೆ ಮುಂಬೈನ ಸರಕಾರ ಇಲ್ಲಿಗೆ ಬಂದು ಹೋಗುತ್ತದೆ.

ಕರ್ನಾಟಕ ಒಂದಾಗಿ ನಲವತ್ತಾರು ವರ್ಷದ ಮೇಲೆ ಹಳೇ ಮೈಸೂರಿನ ಶಿವಮೊಗ್ಗ ಜಿಲ್ಲೆಯ ಹುಡುಗ, ಹಳೇ ಮುಂಬೈ ಪ್ರಾಂತದ ರೋಣದ ಹುಡುಗಿ ಮದುವೆಯಾದರು. ನಮ್ಮ ಮನೆಯಲ್ಲಿ ಆದದ್ದು ಏಕೀಕರಣ ಅಲ್ಲ. ಒಂದು ಕನ್ನಡ ಉಳಿಯಿತು, ಇನ್ನೊಂದು ಹೋಯಿತು. ಪ್ರತಿ ನವೆಂಬರಿನಲ್ಲಿ ಶಾಖೆಯ ರಾಜ್ಯೋತ್ಸವದಲ್ಲಿ ಭಾಷಣ ಮಾಡುತ್ತಿದ್ದವನು ನಾನೇ.

ಯುಗಾದಿಗೆ ಹದಿನೈದು ದಿನ ರಜೆ ಹಾಕಿ ಊರಿಗೆ ಹೋದೆ. ಇತವಾರಿಯಿಂದ ಐದು ಕಿಲೋ ಜೋಳದ ಹಿಟ್ಟು ಹೊತ್ತುಕೊಂಡು ಹೋಗಿದ್ದೆ. ಸಾಗರದಲ್ಲಿ ಹಿಟ್ಟು ಸಿಗುವುದಿಲ್ಲವೇ ಅಂತ ಮಗಳು ನಕ್ಕಳು. ಸಿಗುತ್ತದೆ, ಆದರೆ ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ಸಲವೂ ತಂದಿರಲಿಲ್ಲ. ಹಬ್ಬದ ಮರುದಿನ ಬೆಳಿಗ್ಗೆ ಹೆಂಡತಿ ಹಿಟ್ಟಿಗೆ ಬಿಸಿನೀರು ಹಾಕಿ ನಾದಿದಳು. ಕೊಣಮಿಗೆ ಇರಲಿಲ್ಲ, ದೊಡ್ಡ ಹರಿವಾಣದಲ್ಲೇ ಬಡಿದಳು. ಮೊದಲ ರೊಟ್ಟಿ ಎತ್ತುವಾಗ ಹರಿಯಿತು. ಎರಡನೆಯದು ಹೆಂಚಿನ ಮೇಲೆ ಮಡಚಿಕೊಂಡಿತು. 'ಕೈಗೆ ರೂಢಿ ತಪ್ಪೇತಿ' ಅಂದಳು. ಅವಳ ಕಣ್ಣಲ್ಲಿ ನೀರು ಬಂದದ್ದು ಹೊಗೆಗೆ ಅಲ್ಲ, ನಮ್ಮದು ಗ್ಯಾಸ್ ಒಲೆ. ನಾನು ಏನೂ ಹೇಳದೆ ಪಕ್ಕದಲ್ಲಿ ನಿಂತಿದ್ದೆ. ನಾಲ್ಕನೆಯದು ಉಬ್ಬಿತು.

ಸದ್ದಿಗೆ ಅಮ್ಮ ಒಳಮನೆಯಿಂದ ಕೇಳಿದಳು, 'ಎಂತ ಸದ್ದು ಅದು?'

ಅಡುಗೆಮನೆಯಲ್ಲಿ ಇಬ್ಬರೂ ಒಂದು ಕ್ಷಣ ಕೈ ನಿಲ್ಲಿಸಿದೆವು. 'ರೊಟ್ಟಿ, ಅಮ್ಮ' ಅಂದೆ.

'ಬಡೀಲಿ, ಬಡೀಲಿ' ಅಂದಳು ಅಮ್ಮ. 'ನೀ ಹೋದ ಮೇಲೆ ಈ ಮನೇಲಿ ಗಡಿಯಾರದ ಸದ್ದು ಒಂದೇ ಕೇಳೋದು.' ಆಮೇಲೆ ಅರ್ಧ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಂಡು ತಿಂದಳು. ಹಳೆಯದು ಅವಳಿಗೆ ನೆನಪಿದೆಯೋ ಇಲ್ಲವೋ ಗೊತ್ತಾಗಲಿಲ್ಲ. ನನ್ನ ಹೆಂಡತಿ ಕೇಳಲೂ ಇಲ್ಲ. ಅಮ್ಮನಿಗೆ ಹಾಲು ಸುರಿದು, ಬಾಯಿ ಒರೆಸಿದಳು.

ಈ ಪತ್ರಿಕೆ ಓದುವವರು ಬಹುಪಾಲು ಊರು ಬಿಟ್ಟವರು. ಮುಂಬೈ, ದಿಲ್ಲಿ, ಪುಣೆ, ಹೈದರಾಬಾದ್. ನಮ್ಮ ಮಾತಿಗೆ ಯಾರಾದರೂ ನಕ್ಕರೆ ನಾವು ಪತ್ರ ಬರೆಯುತ್ತೇವೆ, ಸಂಘ ಕಟ್ಟುತ್ತೇವೆ. ಅದು ಸರಿಯೇ. ಆದರೆ ನಮಗಿಂತ ಮೊದಲೇ ಊರು ಬಿಟ್ಟು ಬಂದವರು ನಮ್ಮ ಮನೆಯೊಳಗೇ ಇದ್ದಾರು. ಅವರನ್ನು ಒಮ್ಮೆ ಕೇಳಿ ನೋಡಿ. ಉತ್ತರ ಬರಲು ಹೊತ್ತು ಹಿಡಿಯಬಹುದು, ಕಾಯಿರಿ.

ನಾನು ಇತವಾರಿಗೆ ವಾಪಸು ಬಂದೆ. ಮೇ ತಿಂಗಳಲ್ಲಿ ನಲವತ್ತೈದು ಡಿಗ್ರಿ ಬಿಸಿಲು, ಕೂಲರಿನ ಹುಲ್ಲಿಗೆ ದಿನಕ್ಕೆ ಮೂರು ಸಲ ನೀರು. ಊಟದ ಮೇಜಿನಲ್ಲಿ ಈಗ ಮಾತಾಡುತ್ತೇನೆ, ತಪ್ಪಾಗಿಯೇ. ನನ್ನ ಅಣಕ ಮಾಡಿದ ಹುಡುಗ ಈಗ ತಿದ್ದುತ್ತಾನೆ, ನಾನು ಅವನಿಗೆ ಅಡಿಕೆಯ ಜಾತಿ ಹೇಳಿಕೊಡುತ್ತೇನೆ.

ರಾತ್ರಿ ಒಂಬತ್ತಕ್ಕೆ ಮನೆಗೆ ಫೋನು. ಮೊದಲು 'ಊಟ ಆಯ್ತಾ?' ಅನ್ನುತ್ತಿದ್ದಳು. ಈಗ ಕೆಲವು ದಿನ, ಎಲ್ಲ ದಿನವೂ ಅಲ್ಲ, 'ಊಟಾ ಆತೇನ್ರಿ?' ಅನ್ನುತ್ತಾಳೆ. ನಾನು ನಗುವುದಿಲ್ಲ, ಆಯಿತು ಅನ್ನುತ್ತೇನೆ. ಮೊನ್ನೆ ಉಪ್ಪಿನಕಾಯಿಯ ಭರಣಿ ಖಾಲಿಯಾದದ್ದು ಹೇಳಿ, ಮುಂದಿನ ಸಲ ಬಂದಾಗ ಅದರಲ್ಲಿ ಗುರೆಳ್ಳು ಚಟ್ನಿ ತುಂಬಿಸಿಕೊಡುತ್ತೀಯಾ ಅಂತ ಕೇಳಿದೆ. ಅದನ್ನೂ ಅವಳು ಮಾಡಿ ಇಪ್ಪತ್ತು ವರ್ಷದ ಮೇಲಾಗಿದೆ.

'ನೋಡೂನು' ಅಂದಳು.